ತಟ್ಟದೆ ಉಳಿದ ಮಡಕೆ

“ಗುರುಗಳೇ, ಸಭೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಆದರೂ ನನ್ನ ಮನಸ್ಸು ಏಕೆ ಹೀಗೆ ಏನನ್ನೋ ಹಂಬಲಿಸುತ್ತಿದೆ?” ಎಂದು ನೀಲಾಂಬಿಕೆ ಕೇಳಿದಳು.

ಅವಳು ವಿಚಾರ ಸಂಕಿರಣದಿಂದ ಹಿಂದಿನ ದಿನವಷ್ಟೇ ಮರಳಿದ್ದಳು. ಒಂದು ಶಾಸನದ ಮುಂದೆ ಮೂರು ವರ್ಷ ಕುಳಿತು, ಅದರಲ್ಲಿ ಸವೆದುಹೋಗಿದ್ದ ಒಂದು ಅಕ್ಷರವನ್ನು ಹೊಸದಾಗಿ ಓದಿದ್ದಳು. ಅಲ್ಲಿ ದಾನ ಕೊಟ್ಟದ್ದು ‘ಕೆಯಿ’ಯನ್ನು, ಅಂದರೆ ಹೊಲವನ್ನು ಎಂದು ಹಿಂದಿನ ವಿದ್ವಾಂಸರು ಹೇಳಿದ್ದರು. ಅಲ್ಲ, ಕೆರೆಯನ್ನು ಎಂದು ಇವಳು ಹೇಳಿದಳು. ಪ್ರಬಂಧವೆಲ್ಲ ನಿಂತಿದ್ದುದು ಆ ಒಂದು ಅಕ್ಷರದ ಮೇಲೆ. ಹದಿನೈದು ನಿಮಿಷ ಓದಿದಳು. ಶಾಲು, ಸ್ಮರಣಿಕೆ, ಪ್ರಮಾಣಪತ್ರ ಎಲ್ಲವೂ ಬಂದವು.

“ಯಾರೂ ಏನೂ ಕೇಳಲಿಲ್ಲವೇ?” ಎಂದರು ಗುರುಗಳು.

“ಎರಡನೆಯ ಸಾಲಿನಲ್ಲಿದ್ದ ಒಬ್ಬ ಹಿರಿಯರು ಕೈ ಎತ್ತಿದ್ದರು. ಸಮಯದ ಅಭಾವವಾಯಿತು. ಅವರು ಏನು ಕೇಳಬೇಕೆಂದಿದ್ದರೋ! ನಿನ್ನೆಯಿಂದ ಅನ್ನ ಸೇರುತ್ತಿಲ್ಲ.”

ಸಮಯವೇನೋ ಇತ್ತು. “ಒಂದು ಪ್ರಶ್ನೆಗೆ ಅವಕಾಶವಿದೆಯಮ್ಮಾ” ಎಂದು ಅಧ್ಯಕ್ಷರೇ ಅವಳತ್ತ ತಿರುಗಿದ್ದರು. ಆದರೆ ಆ ಹಿರಿಯರ ತೊಡೆಯ ಮೇಲೆ ಅದೇ ಶಾಸನದ ಅಚ್ಚು ತೆಗೆದ ಕಾಗದ ಹರಡಿತ್ತು. ತನ್ನ ಓದು ತಪ್ಪೆಂದಾರೆಂದು ನೀಲಾಂಬಿಕೆ ಅಂಜಿದಳು. ತಾನೇ ಗಡಿಯಾರ ನೋಡಿ, “ಸಮಯದ ಅಭಾವ, ಸರ್” ಎಂದು ಕೈಮುಗಿದು ವೇದಿಕೆ ಇಳಿದುಬಿಟ್ಟಳು. ಇಷ್ಟನ್ನು ಮಾತ್ರ ಗುರುಗಳಿಗೆ ಹೇಳಲಿಲ್ಲ.

“ಕೈ ತಟ್ಟಿದರು, ಮಡಕೆ ತಟ್ಟಲಿಲ್ಲ. ಸರಿ, ಒಂದು ಕತೆ ಕೇಳು” ಎಂದು ಗುರುಗಳು ಹೇಳತೊಡಗಿದರು.

ಒಬ್ಬ ಕುಂಬಾರನಿದ್ದ. ತಾನೊಬ್ಬನೇ ನಿಂತು ಸುಟ್ಟ ಮೊದಲ ಆವಿಗೆಯ ಮಡಕೆಗಳನ್ನು ಸಂತೆಗೆ ತಂದ. ಆವಿಗೆಯ ಬೆಂಕಿ ಒಂದು ಮಗ್ಗುಲಿಗೆ ಜೋರಾಗಿತ್ತು. ಎಲ್ಲಿ ಕಣ್ಣಿಗೆ ಕಾಣದ ಬಿರುಕು ಬಿಟ್ಟಿದೆಯೋ ಎಂಬ ಅಳುಕು ಅವನಿಗೆ. ತಾನೇ ತಟ್ಟಿ ನೋಡಿದ್ದ, ಎಲ್ಲವೂ ಗಟ್ಟಿ ಎನ್ನಿಸಿತ್ತು. ಆದರೆ ಮಾಡಿದವನ ಕಿವಿಗೆ ಎಲ್ಲವೂ ಗಟ್ಟಿಯಾಗಿಯೇ ಕೇಳಿಸುತ್ತದೆ, ಅಲ್ಲವೇ?

ಸಂತೆಯಲ್ಲಿ ಮಡಕೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಸದ್ದು ಕೇಳಿಯೇ ಕೊಳ್ಳುವುದು ವಾಡಿಕೆ. ಕುಂಬಾರ ಒಂದು ಉಪಾಯ ಮಾಡಿದ. ಅಲ್ಲೇ ಕುಳಿತು ಮಡಕೆಗಳ ಮೇಲೆ ಸುಣ್ಣದಲ್ಲಿ, ಕೆಮ್ಮಣ್ಣಿನಲ್ಲಿ ಹೂಬಳ್ಳಿ ಬರೆದ. ಒಣಗಿದರೆ ಮತ್ತೆ ಬರೆದ. ಕೈಗೆ ಬಣ್ಣ ಹತ್ತೀತೆಂದು ಯಾರೂ ತಟ್ಟಲಿಲ್ಲ. ಎಂಥ ಚೆಂದ, ಎಂಥ ಚೆಂದ ಎನ್ನುತ್ತ ಕಂಠ ಹಿಡಿದು ಎತ್ತಿಕೊಂಡು ಹೋದರು.

ಕೊನೆಗೆ ಮೊಸರು ಮಾರುವ ಒಬ್ಬ ಮುದುಕಿ ಬಂದಳು. ಅವಳು ತಟ್ಟಿ ‘ಹೂಂ’ ಎಂದರೆ ಅದು ಮಡಕೆ, ಇಲ್ಲವಾದರೆ ಬರೀ ಮಣ್ಣು ಎಂದು ಸಂತೆಗೆಲ್ಲ ಗೊತ್ತಿತ್ತು. ಅವಳು ಬೆರಳು ಮಡಿಚಿದಳು. ಕುಂಬಾರ ಗಾಬರಿಯಾಗಿ, “ಅವ್ವಾ, ಬಣ್ಣ ಹಸಿ ಐತೆ, ಕೈಗೆ ಹತ್ತುತೈತೆ” ಎಂದ. ಮುದುಕಿ ಅವನ ಮುಖವನ್ನೊಮ್ಮೆ ನೋಡಿ, ಕೈ ಹಿಂದಕ್ಕೆ ತೆಗೆದುಕೊಂಡು ಹೊರಟುಹೋದಳು.

ಬಚಾವಾದೆ ಎಂದುಕೊಂಡ ಕುಂಬಾರ. ಆದರೆ ಮನೆಗೆ ಬಂದವನಿಗೆ ಕುಳಿತಲ್ಲಿ ಕೂರಲಾಗಲಿಲ್ಲ. ತನ್ನ ಮಡಕೆ ಯಾವ ಮನೆಯಲ್ಲಿ ನೀರು ಹಿಡಿದಿದೆಯೋ, ಯಾವ ಮನೆಯಲ್ಲಿ ಸೋರುತ್ತಿದೆಯೋ! ಬಾವಿಯ ದಾರಿಯಲ್ಲಿ ನಿಂತು ಹೆಂಗಸರ ಕೊಡಗಳನ್ನೇ ದಿಟ್ಟಿಸಿದ. ನಾಲ್ಕು ಬೈಗುಳ ತಿಂದು ಬಂದ.

ಮುದುಕಿ ಬೆರಳು ಮಡಿಚಿದ್ದ ಮಡಕೆಯೊಂದು ಉಳಿದಿತ್ತು. ಅದರ ಬಣ್ಣವನ್ನೆಲ್ಲ ಕೆರೆದು ತೆಗೆದ. ವಾರ ವಾರವೂ ಸಂತೆಗೆ ಒಯ್ದು ಎಲ್ಲಕ್ಕಿಂತ ಮುಂದೆ ಇಟ್ಟ. ಬೇರೆಯವರು ಮುಟ್ಟಲು ಬಂದರೆ, ಇದು ಒಬ್ಬರಿಗೆಂದು ಇಟ್ಟದ್ದು ಎಂದು ಬದಿಗೆ ಸರಿಸಿದ. ಬಿಳಿ ತಲೆ ಕಂಡಾಗಲೆಲ್ಲ ಎದ್ದು ನಿಂತ. ಅವಳು ‘ಹೂಂ’ ಎನ್ನದಿದ್ದರೂ ಚಿಂತೆಯಿರಲಿಲ್ಲ, ಒಮ್ಮೆ ತಟ್ಟಿದರೆ ಸಾಕಿತ್ತು. ಹೀಗೆಯೇ ಅವನ ವರ್ಷಗಳು ಕಳೆದವು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಹಸಿ ಬಣ್ಣದ ಮಾತು ಬಂದಾಗಲೇ ನೀಲಾಂಬಿಕೆ ತಲೆ ತಗ್ಗಿಸಿದ್ದಳು. ಅವಳಿಗೆ ಅಳು ಬಂದಿತ್ತು. ಆದರೂ ಕೇಳದಿರಲಾಗಲಿಲ್ಲ.

“ಮುದುಕಿ ಕೊನೆಗೂ ಬಂದಳೇ, ಗುರುಗಳೇ?”

“ಅವಳ ಮನೆ ಸಂತೆಮಾಳದ ಬೆನ್ನಿಗೇ ಇತ್ತು, ತಾಯಿ. ಮಡಕೆ ಹೊತ್ತು ಅಲ್ಲಿಗೆ ಹೋಗಲು ಕುಂಬಾರನಿಗೆ ಕಾಲಿರಲಿಲ್ಲವೇ?”