ಮಲಗಿದ ಯಂತ್ರದ ಡಿಸ್ಕ್

“ನಿಜ ಹೇಳಿದರೆ ಅವ್ವ ಊಟ ಬಿಡುತ್ತಾಳೆ. ಹಾಗೆಂದು ಸುಳ್ಳು ಹೇಳಲೇ, ಬುದ್ಧಿ?”

ಮಠದಲ್ಲಿ ಓಲೆಗರಿಗಳ ಬರಹವನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ಮಾಡುತ್ತಿದ್ದ ಚನ್ನಮಲ್ಲ ಒಂದು ಬೆಳಿಗ್ಗೆ ಗುರುಗಳನ್ನು ಹೀಗೆ ಕೇಳಿದ. ಅವನ ತಂದೆ ತೀರಿ ಎರಡು ವರ್ಷವಾಗಿತ್ತು. ತಾಯಿಗೆ ಮರೆವು ಹಿಡಿದಿತ್ತು. ದಿನವೂ ಊಟಕ್ಕೆ ಕೂತ ಹೊತ್ತಿಗೆ, “ನಿಮ್ಮಪ್ಪ ಬರಲಿ, ಆಮೇಲೆ ಉಣ್ಣೋಣ” ಎನ್ನುತ್ತಿದ್ದಳು. ಮಗ ದಿನವೂ, “ಅಪ್ಪ ಇಲ್ಲ, ಅವ್ವ. ತೀರಿಕೊಂಡರು” ಎಂದು ತಿದ್ದುತ್ತಿದ್ದ. ಅವನಿಗೆ ಅದು ಹಳೆಯ ಮಾತು. ಅವಳಿಗೆ ದಿನವೂ ಅಂದೇ ಬಂದ ಸುದ್ದಿ.

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. “ಕೂತುಕೋ. ನಿನ್ನ ಕಸುಬಿನದೇ ಒಂದು ಕತೆ ಇದೆ” ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಅಣ್ಣ, ಒಬ್ಬಳು ತಂಗಿ. ಅಣ್ಣ ಹಳ್ಳಿಹಳ್ಳಿ ತಿರುಗಿ ಕುಂಬಾರರ ಮಾತುಗಳನ್ನು ಕೂಡಿಸಿ ಪದಕೋಶ ಬರೆಯುತ್ತಿದ್ದ. ತಂಗಿ ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದಳು. ಅವಳ ಕಣ್ಣಿಗೆ ಬಿದ್ದ ತಪ್ಪು ಉಳಿಯುತ್ತಿರಲಿಲ್ಲ. ಮದುವೆಯ ಕರೆಯೋಲೆ ಬಂದರೂ ಮೊದಲು ಪೆನ್ನು ತೆಗೆದು ಒತ್ತಕ್ಷರ ಸರಿಮಾಡಿ, ಆಮೇಲೆ ಮದುವೆ ಯಾರದೆಂದು ನೋಡುವವಳು.

ಅಣ್ಣನ ಪದಕೋಶ ಹಳೆಯ ಕಾಲದ ಕನ್ನಡ ತಂತ್ರಾಂಶವೊಂದರಲ್ಲಿತ್ತು. ಹೊಸ ಕಂಪ್ಯೂಟರಿನಲ್ಲಿ ಅದು ಓಡುತ್ತಿರಲಿಲ್ಲ. ಆದ್ದರಿಂದ ಅವನು ಹೊಸ ಕಂಪ್ಯೂಟರಿನ ಒಳಗೆ ಹಳೆಯ ಕಂಪ್ಯೂಟರೊಂದನ್ನು ಇರಿಸಿಕೊಂಡಿದ್ದ. ಅದಕ್ಕೆ ಮೈಯಿಲ್ಲ. ಅದರ ಡಿಸ್ಕ್ ಎಂದರೆ ಹೊರಗಿನ ಕಂಪ್ಯೂಟರಿನಲ್ಲಿರುವ ಒಂದು ದೊಡ್ಡ ಕಡತ, ಅಷ್ಟೆ. ಆದರೂ ಒಳಗಿನದು ತಾನೇ ಒಂದು ಪೂರ್ತಿ ಯಂತ್ರವೆಂದು ತಿಳಿದು ನಡೆಯುತ್ತಿತ್ತು.

ಒಂದು ದಿನ ಅಣ್ಣನಿಗೆ ಎದೆನೋವು ಬಂತು. ಆಸ್ಪತ್ರೆಗೆ ಹೊರಡುವ ಅವಸರದಲ್ಲಿ ಅವನು ಒಳಗಿನ ಯಂತ್ರವನ್ನು ಮುಚ್ಚಲಿಲ್ಲ. ತೆರೆದ ಪುಟ ತೆರೆದ ಹಾಗೆಯೇ ಇರಲೆಂದು ಅದನ್ನು ಮಲಗಿಸಿ ಹೋದ. ಅದನ್ನು ಎಬ್ಬಿಸುವ ಗುಪ್ತಪದ ಅವನೊಬ್ಬನಿಗೇ ಗೊತ್ತಿತ್ತು. ರೋಗಿಯನ್ನು ಮಾತಾಡಿಸಬಾರದೆಂದು ವೈದ್ಯರು ಹೇಳಿದ್ದರು. ಅತ್ತ ಅಚ್ಚುಕೂಟದವರು, ಪುಸ್ತಕ ಎಷ್ಟು ಪುಟವಾದೀತು, ತಿಳಿಸಿ ಎಂದು ಅವಸರಪಡಿಸಿದರು. ತಂಗಿ ಯಂತ್ರ ಬಲ್ಲವನೊಬ್ಬನನ್ನು ಕರೆಸಿದಳು.

ಅವನು ಒಳಗಿನ ಯಂತ್ರವನ್ನು ಎಬ್ಬಿಸಲಿಲ್ಲ. ಅದರ ಡಿಸ್ಕನ್ನು ಮಾತ್ರ ಹೊರಗಿನ ಕಂಪ್ಯೂಟರಿಗೆ ಜೋಡಿಸಿದ. ಅವರ ಮಾತಿನಲ್ಲಿ ಅದು ಮೌಂಟ್ ಮಾಡುವುದು. ಕಪಾಟಿನ ಬಾಗಿಲು ತೆರೆದಂತೆ ಒಳಗಿನ ಕಡತಗಳೆಲ್ಲ ಕಂಡವು. ಅವನ್ನು ಓದಲು ಬೇಕಾದ ಹಳೆಯ ಫಾಂಟನ್ನೂ ಹಾಕಿಕೊಟ್ಟ. ಜೋಡಿಸುವಾಗ ‘ಓದಲು ಮಾತ್ರ’ ಎಂಬಲ್ಲಿ ಗುರುತು ಹಾಕಿದ್ದ.

“ನೋಡಿ, ಓದಿ, ಎಣಿಸಿಕೊಳ್ಳಿ, ಅಕ್ಕಾ. ಏನನ್ನೂ ಬರೆಯಬೇಡಿ” ಎಂದ.

“ಬರೆದರೆ ಏನಾಗುತ್ತದೆ?”

“ಇದು ಮುಚ್ಚಿದ ಯಂತ್ರವಲ್ಲ, ಮಲಗಿದ ಯಂತ್ರ. ಯಾವುದು ಎಲ್ಲಿದೆ ಎಂದು ನೆನಪಿಟ್ಟುಕೊಂಡೇ ಮಲಗಿದೆ. ಕುರುಡ ಮಲಗಿದ್ದಾಗ ಅವನ ನೀರಿನ ಗಡಿಗೆ ಸರಿಸಿದರೆ, ಎದ್ದವನು ತನ್ನ ನೆನಪಿನ ಮೇಲೆಯೇ ಕಾಲಿಡುತ್ತಾನೆ.”

“ನಾನೇಕೆ ಗಡಿಗೆ ಸರಿಸಲಪ್ಪ?”

“ನನ್ನ ಅಂಗಡಿಯ ಬೋರ್ಡು ಬರೆಸಿದ ಮರುದಿನವೇ ಪೇಂಟರನ್ನು ಕರೆದು ದಕಾರದ ಹೊಟ್ಟೆ ಸೀಳಿಸಿದವರು ಯಾರು ಮತ್ತೆ?” ಎಂದು ನಗುತ್ತಾ ಅವನು ಎದ್ದುಹೋದ.

ತಂಗಿ ಅಂದೇ ಎಣಿಸಿ ಅಚ್ಚುಕೂಟಕ್ಕೆ ತಿಳಿಸಿದಳು. ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಣ್ಣನ ಬರಹ ಎದುರಿಗಿತ್ತು. ಅಣ್ಣ ಉಳಿಯುವನೋ ಇಲ್ಲವೋ ತಿಳಿದಿರಲಿಲ್ಲ. ಅವಳು ಓದುತ್ತಾ ಹೋದಳು. ಪ್ರತಿ ಪದದ ಮುಂದೆ ಅದನ್ನು ಹೇಳಿದವರ ಹೆಸರು, ಊರು ಇದ್ದವು. ತಕಾರಕ್ಕೆ ಬಂದಾಗ ನಿಂತಳು. ಕುಂಬಾರನ ಚಕ್ರಕ್ಕೆ ತಿಗರಿ ಎನ್ನುತ್ತಾರೆ. ಅಲ್ಲಿ ‘ತಿರಗಿ’ ಎಂದಿತ್ತು.

ತಿದ್ದಲು ಹೋದಳು. ಯಂತ್ರ ಬಿಡಲಿಲ್ಲ. ಸರಿ ಎಂದು ಎದ್ದಳು. ಆದರೆ ಆಸ್ಪತ್ರೆಯಲ್ಲಿ ಅಣ್ಣನ ತಲೆದೆಸೆಗೆ ಕೂತಾಗಲೂ ಆ ಎರಡು ಅಕ್ಷರಗಳೇ ಕಣ್ಣ ಮುಂದೆ ಬಂದವು. ಅಣ್ಣನ ಎದೆಗೆ ತಾನೇನೂ ಮಾಡಲಾರಳು. ಈ ಅಕ್ಷರಗಳಿಗೆ ಮಾಡಬಲ್ಲಳು. ನಾಲ್ಕನೆಯ ದಿನ ಡಿಸ್ಕನ್ನು ಕಳಚಿ, ‘ಓದಲು ಮಾತ್ರ’ ಎಂಬ ಗುರುತನ್ನು ತೆಗೆದು, ಮತ್ತೆ ಜೋಡಿಸಿದಳು. ಎರಡು ಅಕ್ಷರಗಳನ್ನು ತಿದ್ದಿ ಉಳಿಸಿದಳು. ಡಿಸ್ಕನ್ನು ಮೊದಲಿದ್ದಂತೆಯೇ ಇಟ್ಟಳು. ಅಣ್ಣನಿಗೆ ಒಂದು ಲೋಟ ಗಂಜಿ ಕುಡಿಸಿದಷ್ಟು ಸಮಾಧಾನವಾಯಿತು.

ಅಣ್ಣ ಬದುಕಿದ. ತಿಂಗಳಾದ ಮೇಲೆ ಮನೆಗೆ ಬಂದು, ಒಳಗಿನ ಯಂತ್ರವನ್ನು ಎಬ್ಬಿಸಿದ. ಪುಟ ಬಿಟ್ಟಲ್ಲೇ ತೆರೆದು ನಿಂತಿತ್ತು. ಆಸ್ಪತ್ರೆಯಲ್ಲಿ ಪಕ್ಕದ ಮಂಚದವನಿಂದ ಕಲಿತ ಒಂದು ಪದವನ್ನು ಸೇರಿಸಿ ಉಳಿಸಿದ. ಯಂತ್ರ ತನ್ನ ನೆನಪಿನಲ್ಲಿದ್ದ ಜಾಗಕ್ಕೆ ಬರೆಯಿತು. ತಂಗಿ ತಿದ್ದಿ ಉಳಿಸಿದಾಗ ಕಡತ ಜಾಗ ಬದಲಿಸಿತ್ತು; ಆ ಜಾಗದಲ್ಲಿ ಈಗ ಬೇರೆಯದಿತ್ತು. ಒಂದರ ಮೇಲೊಂದು ಬಿದ್ದು ಪದಕೋಶ ಕಲಸಿಹೋಯಿತು. ಮುಚ್ಚಿ ಮತ್ತೆ ತೆರೆಯಹೋದರೆ ತೆರೆಯಲಿಲ್ಲ.

ಯಂತ್ರ ಬಲ್ಲವನು ಬಂದು ಎರಡು ದಿನ ಕೂತ. ಐದು ವರ್ಷದ ಹಿಂದಿನ ಒಂದು ಪ್ರತಿ ಸಿಕ್ಕಿತು. ಆಮೇಲಿನ ಮಾತುಗಳು ಸಿಗಲಿಲ್ಲ.

ತಂಗಿ ಅಣ್ಣನ ಮುಂದೆ ಬಂದು ನಿಂತಳು. “ಒಂದೇ ಪದ ಅಣ್ಣಾ. ಎರಡೇ ಅಕ್ಷರ” ಎಂದಳು.

ಅಣ್ಣ ಬೈಯಲಿಲ್ಲ. “ನಾನು ಎದ್ದು ಬರುವ ತನಕ ತಡೆಯಬಾರದಿತ್ತೇ, ತಾಯಿ? ಇಬ್ಬರೂ ಕೂತು ನೋಡುತ್ತಿದ್ದೆವಲ್ಲ” ಎಂದ.

ಕಳೆದ ಪದಗಳನ್ನು ಮತ್ತೆ ಕೂಡಿಸಲು ತಂಗಿಯೇ ಹಳ್ಳಿಗಳಿಗೆ ಹೋದಳು. ಪದ ಹೇಳಿದವರಲ್ಲಿ ಹಲವರು ಆಗಲೇ ಇರಲಿಲ್ಲ. ಇದ್ದ ಒಬ್ಬ ಮುದುಕಿ ಅವಳ ಕೈಹಿಡಿದು, “ನಿಮ್ಮಣ್ಣಂಗೆ ಏನೇನೋ ಹೇಳಿದ್ದೆ ಕಣವ್ವ. ಬರ್ಕೊಂಡವ್ನಲ್ಲ ಅಂತ ಮರ್ತುಬಿಟ್ಟೆ” ಎಂದಳು.

ಗುರುಗಳು ಕತೆ ನಿಲ್ಲಿಸಿದರು.

ಡಿಸ್ಕಿನ ವಿಚಾರ ಚನ್ನಮಲ್ಲನಿಗೆ ಗುರುಗಳಿಗಿಂತ ಚೆನ್ನಾಗಿ ಗೊತ್ತಿತ್ತು. ಕತೆ ಎಲ್ಲಿ ಹೋಗಿ ನಿಂತಿತೆಂಬುದೂ ಗೊತ್ತಾಯಿತು ಎಂದುಕೊಂಡ.

“ತಿಳಿಯಿತು, ಬುದ್ಧಿ. ಆ ಕಡೆಯ ಕುಂಬಾರರು ತಿರಗಿ ಎಂದೇ ಅನ್ನುತ್ತಿದ್ದರು. ಅಣ್ಣ ಅವರ ಬಾಯಿಂದ ಬಂದದ್ದನ್ನು ಬಂದ ಹಾಗೆ ಬರೆದಿದ್ದ. ಇವಳು ಪುಸ್ತಕದ ಕನ್ನಡ ಹಿಡಿದು ಸರಿಯಿದ್ದದ್ದನ್ನು ಕೆಡಿಸಿದಳು. ಅದಕ್ಕೇ ಹೀಗಾಯಿತು. ಆದರೆ ನಾನು ಅವ್ವನಿಗೆ ಹೇಳುವುದು ಹಾಗಲ್ಲವಲ್ಲ. ನಾನು ಸರಿಯಾದದ್ದನ್ನೇ ಹೇಳುತ್ತಿದ್ದೇನೆ.”

“ಇಲ್ಲ ಮಗು, ಅದು ಅಣ್ಣನ ಕೈತಪ್ಪು, ಅವಳು ತಿದ್ದಿ ಬರೆದದ್ದೂ ಸರಿಯಾದದ್ದನ್ನೇ” ಎಂದರು ಗುರುಗಳು.