ಉಕ್ಕದ ಹಾಲು

“ಬುದ್ಧಿ, ಗೊತ್ತಿಲ್ಲದ ಊರಿನಲ್ಲಿ ವಾಸಕ್ಕೆ ಒಳ್ಳೆಯ ಕೇರಿ ಯಾವುದೆಂದು ತಿಳಿಯುವುದು ಹೇಗೆ?”

ಕೇಳಿದವನು ಕರಿಬಸಯ್ಯ, ಮಠದಲ್ಲಿ ತಾಳೆಗರಿ ಓದಿ ನಕಲು ಮಾಡುವ ಶಿಷ್ಯ. ಫ್ರಾನ್ಸ್ ದೇಶದ ಲಿಯೋನ್ ಎಂಬ ಪಟ್ಟಣದಿಂದ ಅವನಿಗೆ ಕರೆ ಬಂದಿತ್ತು. ಅಲ್ಲಿಯ ಒಂದು ವಿದ್ಯಾಲಯದಲ್ಲಿ ಹಳೆಯ ಕನ್ನಡ ಗರಿಗಳಿದ್ದವು, ಓದುವವರಿರಲಿಲ್ಲ. ಮೂರು ವರ್ಷದ ಕೆಲಸ. ಯಾವ ಕೇರಿಯಲ್ಲಿ ಮನೆ ನೋಡಬೇಕು, ನಾಳೆಯೊಳಗೆ ತಿಳಿಸಿ ಎಂದು ಅವರು ಕೇಳಿದ್ದರು. ಕರಿಬಸಯ್ಯ ಆ ಊರಿನ ನಕ್ಷೆಯನ್ನು ಮೊಬೈಲಿನಲ್ಲಿ ಹಿಗ್ಗಿಸಿ ಕುಗ್ಗಿಸಿ ನೋಡಿದ್ದೇ ನೋಡಿದ್ದು. ಒಬ್ಬರು ಹೊಳೆಯ ದಂಡೆ ಒಳ್ಳೆಯದೆಂದರು, ಇನ್ನೊಬ್ಬರು ಅಲ್ಲಿ ಥಂಡಿ ಎಂದರು. ಅಳೆದೂ ಸುರಿದೂ ಅವನಿಗೆ ಊಟ ರುಚಿಸದಂತಾಗಿತ್ತು.

ಗುರುಗಳು ದಾಸೋಹದ ಕಟ್ಟೆಯ ಮೇಲೆ ಕುಳಿತು ಸೊಪ್ಪು ಸೋಸುತ್ತಿದ್ದರು.

“ಆ ಊರಿನದೇ ಒಂದು ಕತೆ ಇದೆ. ಕುಳಿತುಕೋ. ಸುಮ್ಮನೆ ಕೇಳಬೇಡ, ಈ ಕಡೆಯ ಕಟ್ಟು ಬಿಚ್ಚಿ ಸೋಸುತ್ತಾ ಕೇಳು,” ಎಂದರು. ಆಮೇಲೆ ಹೇಳತೊಡಗಿದರು.

ನಮ್ಮ ಸೀಮೆಯ ಒಬ್ಬ ರೇಷ್ಮೆ ವ್ಯಾಪಾರಿ. ಹೆಂಡತಿಯನ್ನು ಕರೆದುಕೊಂಡು ಆ ಊರಿಗೆ ವ್ಯಾಪಾರಕ್ಕೆ ಹೋದ. ಅಲ್ಲಿ ಎರಡು ಹೊಳೆ, ಎರಡು ಗುಡ್ಡ. ಒಂದು ಕಾಲಕ್ಕೆ ರೇಷ್ಮೆ ನೇಯ್ದು ಹೆಸರಾದ ಊರು. ಗಂಡಹೆಂಡಿರು ಒಂದು ಕೋಣೆಯ ವಸತಿಯಲ್ಲಿದ್ದರು. ಅಷ್ಟರಲ್ಲಿ ಹೆಂಡತಿ ಬಸುರಿಯಾದಳು. ಚೊಚ್ಚಲು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲವೆ? ಆದರೆ ಈಕೆ ವಿಮಾನ ಹತ್ತಲೇಬಾರದು ಎಂದು ವೈದ್ಯರು ಕಡ್ಡಿ ಮುರಿದ ಹಾಗೆ ಹೇಳಿದರು. ತವರಿನಿಂದ ಬರುವ ತಾಯಿಯೂ ಇರಲಿಲ್ಲ, ತೀರಿಕೊಂಡು ಬಹಳ ಕಾಲವಾಗಿತ್ತು. ವ್ಯಾಪಾರಿಯೋ ಆಗಾಗ ಇಟಲಿಗೆ ಹೋಗಿ ಬರಬೇಕಾದವನು. ತಾನು ಊರಲ್ಲಿ ಇಲ್ಲದಾಗ ಇವಳಿಗೆ ನೋವು ಬಂದರೆ ಗತಿ ಏನು ಎಂಬ ಚಿಂತೆ ಅವನನ್ನು ಹಗಲೂ ಇರುಳೂ ತಿಂದಿತು. ಅದಕ್ಕೇ, ಮನೆ ಹಿಡಿದರೆ ಒಳ್ಳೆಯ ಕೇರಿಯಲ್ಲೇ ಹಿಡಿಯಬೇಕು, ಇದೊಂದರಲ್ಲಿ ತಪ್ಪಬಾರದು ಎಂದುಕೊಂಡ.

ಎಂದುಕೊಂಡದ್ದು ಸರಿಯೇ. ಅದಕ್ಕೆ ಹಿಡಿದ ದಾರಿ ನೋಡು.

ನಮ್ಮಲ್ಲಿ ಹೊಸ ಮನೆ ಹೊಕ್ಕಾಗ ಹಾಲುಕ್ಕಿಸುತ್ತಾರೆ. ಉಕ್ಕಿದ ಹಾಲು ಪೂರ್ವಕ್ಕೆ ಚೆಲ್ಲಿದರೆ ಮನೆಗೆ ಏಳಿಗೆ, ದಕ್ಷಿಣಕ್ಕೆ ಚೆಲ್ಲಿದರೆ ಕೇಡು ಎನ್ನುತ್ತಾರೆ. ಎಲ್ಲರೂ ಮನೆ ಹಿಡಿದ ಮೇಲೆ ಉಕ್ಕಿಸುತ್ತಾರೆ. ಇವನು ವ್ಯಾಪಾರಿ. ಮಾದರಿ ನೋಡದೆ ಮಾಲು ಕೊಂಡವನಲ್ಲ. ಹಿಡಿಯುವ ಮೊದಲೇ ಉಕ್ಕಿಸಿ ನೋಡುತ್ತೇನೆ ಎಂದ. ಒಂದು ಪುಟ್ಟ ಒಲೆ, ಒಂದು ಹಿತ್ತಾಳೆಯ ಪಾತ್ರೆ, ಒಂದು ದಿಕ್ಸೂಚಿ, ಇಷ್ಟನ್ನೂ ಚೀಲದಲ್ಲಿಟ್ಟುಕೊಂಡು ಬಸುರಿ ಹೆಂಡತಿಯನ್ನು ಹಿಂದೆ ಕಟ್ಟಿಕೊಂಡು ಕೇರಿ ಕೇರಿ ಸುತ್ತಿದ. ಮನೆ ತೋರಿಸುವ ದಲ್ಲಾಳಿ, ಪಾಪ, ಬೀಗದಕೈ ಗೊಂಚಲು ಹಿಡಿದುಕೊಂಡು ಇವನ ಹಾಲು ಕಾಯುವವರೆಗೆ ಮೂಲೆಯಲ್ಲಿ ನಿಂತಿರುತ್ತಿದ್ದ. ಇದು ಈ ಜನರ ಬಾಡಿಗೆ ಶಾಸ್ತ್ರವಿರಬೇಕು ಎಂದುಕೊಂಡು ಅವನೂ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿಯುತ್ತಿದ್ದ.

ರೈಲು ನಿಲ್ದಾಣದ ಹತ್ತಿರ ಒಂದು ಕೇರಿ. ಅಂಗಡಿ, ಆಸ್ಪತ್ರೆ, ಎಲ್ಲ ಕೈಗೆಟಕುವಷ್ಟು ದೂರ. ಹಾಲು ದಕ್ಷಿಣಕ್ಕೆ ಚೆಲ್ಲಿತು. ವ್ಯಾಪಾರಿ ಪಾತ್ರೆ ತೊಳೆದು ಹೊರಟೇಬಿಟ್ಟ.

ದೊಡ್ಡ ಉದ್ಯಾನದ ಪಕ್ಕದಲ್ಲಿ ಇನ್ನೊಂದು ಕೇರಿ. ಅಗಲವಾದ ರಸ್ತೆ, ಕಲ್ಲಿನ ಕಟ್ಟಡ, ಕನ್ನಡಿ ಇರುವ ಲಿಫ್ಟು. ಹಾಲು ನೆಟ್ಟಗೆ ಪೂರ್ವಕ್ಕೆ ಚೆಲ್ಲಿತು. ವ್ಯಾಪಾರಿ ಕೈಮುಗಿದು ಕಣ್ಣುಮುಚ್ಚಿದ. ಕಣ್ಣುಮುಚ್ಚಿದ್ದು ತುಸು ಹೆಚ್ಚೇ ಹೊತ್ತಾಯಿತು. ಚೆಲ್ಲಿದ ಹಾಲು ಸೀದು ಮನೆ ತುಂಬ ಹೊಗೆಯಾಯಿತು. ಆ ದೇಶದ ಮನೆಗಳಲ್ಲಿ ಹೊಗೆ ಕಂಡರೆ ಕೂಗುವ ಗಂಟೆ ಇರುತ್ತದೆ. ಅದು ಕಿವಿ ಕಿತ್ತುಹೋಗುವ ಹಾಗೆ ಕೂಗಿತು. ದಲ್ಲಾಳಿ ಕುರ್ಚಿ ಹತ್ತಿ ಅದರ ಬಾಯಿ ಮುಚ್ಚಿಸುವಷ್ಟರಲ್ಲಿ ಸಾಕುಸಾಕಾಯಿತು. ಅಷ್ಟು ಹೊತ್ತು ಕೂಗಿದರೂ ಆ ಕಟ್ಟಡದಲ್ಲಿ ಒಂದು ಬಾಗಿಲು ತೆರೆಯಲಿಲ್ಲ. ಎದುರು ಮನೆಯವರು ಕಿಟಕಿ ಮುಚ್ಚಿಕೊಂಡ ಸದ್ದು ಮಾತ್ರ ಕೇಳಿಸಿತು. ಎಂಥ ಸಭ್ಯ ಜನ, ಯಾರ ಉಸಾಬರಿಗೂ ಹೋಗುವುದಿಲ್ಲ ಎಂದು ವ್ಯಾಪಾರಿಗೆ ಬಲು ಸಂತೋಷವಾಯಿತು. ಇದೇ ಗಟ್ಟಿ ಎಂದ. ಹೆಂಡತಿ ಮಾತ್ರ, ಗುಡ್ಡದ ಮೇಲಿನ ಮನೆಯೊಂದು ಉಳಿದಿದೆ, ಅದನ್ನೂ ನೋಡಿಬಿಡೋಣ ಎಂದಳು.

ಗುಡ್ಡದ ಮೇಲೆ ಹಳೆಯ ನೇಕಾರರ ಕೇರಿ. ಮಗ್ಗ ಹಿಡಿಸಲೆಂದು ಎತ್ತರಕ್ಕೆ ಕಟ್ಟಿದ ಮನೆಗಳು. ಈಗ ಮಗ್ಗವೂ ಇಲ್ಲ, ಲಿಫ್ಟೂ ಇಲ್ಲ, ಸವೆದ ಕಲ್ಲಿನ ಮೆಟ್ಟಿಲು. ವ್ಯಾಪಾರಿಗೆ ಕೆಳಗಿನಿಂದಲೇ ಮನಸ್ಸು ಒಪ್ಪಲಿಲ್ಲ. ತನ್ನೂರಿನಲ್ಲಿ ಅವನು ನೇಕಾರರಿಂದ ಸೀರೆ ಕೊಳ್ಳುತ್ತಿದ್ದನೇ ಹೊರತು ಅವರ ಕೇರಿಯಲ್ಲಿ ಎಂದೂ ನೀರು ಕುಡಿದವನಲ್ಲ. ಆದರೂ ಬಂದದ್ದಾಯಿತು ಎಂದು ಒಲೆ ಹೂಡಿದ. ಬಾಗಿಲು ತೆರೆದೇ ಇತ್ತು. ಗಂಡ, ಹೆಂಡತಿ, ದಲ್ಲಾಳಿ, ಮೂವರೂ ಒಲೆಯ ಸುತ್ತ ನಿಂತು ಹಾಲನ್ನೇ ನೋಡುತ್ತಿದ್ದರು. ಹಾಲು ನೊರೆಗಟ್ಟಿತು. ಮೇಲೆ ಬಂತು. ಅಂಚಿಗೆ ಬಂತು.

ಆಗ ಕೆಳಗಿನ ಮನೆಯ ಹೆಂಗಸು ಸಂತೆಚೀಲ ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು. ವಯಸ್ಸಾದವಳು. ಮೇಲಿನ ಮನೆ ಖಾಲಿ ಎಂದು ಗೊತ್ತಿದ್ದವಳಿಗೆ ಅಲ್ಲಿ ಮಾತು ಕೇಳಿಸಿತು, ಯಾರೆಂದು ನೋಡಲು ಇನ್ನೊಂದು ಅಂತಸ್ತು ಹತ್ತಿದಳು. ನೋಡಿದರೆ ಏನು? ಹಾಲು ಉಕ್ಕಿ ಬರುತ್ತಿದೆ, ಮೂರು ಮಂದಿ ಕೈಕಟ್ಟಿಕೊಂಡು ನೋಡುತ್ತಿದ್ದಾರೆ. ಆಕೆ ಚೀಲ ಬಿಸಾಕಿ ಒಳನುಗ್ಗಿದಳು. ವ್ಯಾಪಾರಿಯನ್ನು ಪಕ್ಕಕ್ಕೆ ತಳ್ಳಿದಳು. ಒಲೆ ಆರಿಸಿ, ಕೊರಳಿಗೆ ಸುತ್ತಿಕೊಂಡಿದ್ದ ಬಟ್ಟೆಯಲ್ಲಿ ಪಾತ್ರೆ ಹಿಡಿದು ಕೆಳಗಿಟ್ಟಳು. ಒಂದು ಹನಿ ಚೆಲ್ಲಲಿಲ್ಲ. ಆಮೇಲೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಬೈದಳು, ದಲ್ಲಾಳಿ ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಾ ಹೋದ. ಕಣ್ಣಿದ್ದೂ ಕುರುಡರೆ ನೀವು ಎಂದಳು. ಬಸುರಿಯನ್ನು ಇಷ್ಟು ಮೆಟ್ಟಿಲು ಹತ್ತಿಸಿ ನಿಲ್ಲಿಸಿಕೊಂಡಿದ್ದೀಯಲ್ಲ, ಬುದ್ಧಿ ಇದೆಯೆ ನಿನಗೆ ಎಂದು ವ್ಯಾಪಾರಿಯನ್ನು ಬೇರೆಯಾಗಿ ಬೈದಳು. ಕೆಳಗಿನಿಂದ ಕುರ್ಚಿ ತಂದು ಅವಳನ್ನು ಕೂರಿಸಿ, ಅದೇ ಹಾಲನ್ನು ಲೋಟಕ್ಕೆ ಬಗ್ಗಿಸಿ ಕುಡಿಸಿ, ಗೊಣಗುತ್ತಾ ಇಳಿದುಹೋದಳು.

ವ್ಯಾಪಾರಿಯ ಮುಖ ಸಪ್ಪೆಯಾಯಿತು. ಎತ್ತ ಚೆಲ್ಲಿದರೂ ಒಂದು ಲೆಕ್ಕ. ಉಕ್ಕುವ ಹಾಲನ್ನೇ ತಡೆದರೆ ಅದಕ್ಕಿಂತ ಅಪಶಕುನ ಉಂಟೆ? ಚೀಲ ಕಟ್ಟಿ, “ನಡಿ, ಉದ್ಯಾನದ ಮನೆಯೇ ಸರಿ,” ಎಂದ.

ಹೆಂಡತಿ ಕುರ್ಚಿಯಿಂದ ಏಳಲಿಲ್ಲ. “ರೀ, ಬೈದು ಹೇಳುವವರು ಬದುಕಲಿಕ್ಕೆ ಹೇಳುತ್ತಾರೆ. ನಾವು ಇಲ್ಲೇ ಇರೋಣ.”

“ಹಾಲುಕ್ಕದ ಮನೆಯಲ್ಲಿ ಮಗು ಹುಟ್ಟುವುದೆ? ನಿನಗೇನು ಹುಚ್ಚೆ?”

“ಅಲ್ಲಿ ಅಷ್ಟು ಗಂಟೆ ಹೊಡೆದುಕೊಂಡರೂ ಒಬ್ಬರು ಬರಲಿಲ್ಲ. ನನಗೆ ಆ ಮನೆ ಅಂದರೆ ಭಯ. ಬಸುರಿಯ ಬಯಕೆ ಕೇಳಿ ನಡೆಸಬೇಕು ಅಂತಾರಲ್ಲ, ಇಷ್ಟು ತಿಂಗಳಲ್ಲಿ ನಾನು ಒಂದು ಮಾವಿನಕಾಯಿಯನ್ನೂ ಕೇಳಿಲ್ಲ. ಈ ಮನೆಯೇ ನನ್ನ ಬಯಕೆ ಅಂದುಕೊಳ್ಳಿ.”

ಸಿಕ್ಕಿಬಿದ್ದ ನೋಡು. ಹಾಲಿನ ಶಾಸ್ತ್ರ ನಂಬಿದವನು ಬಯಕೆಯ ಶಾಸ್ತ್ರ ಬಿಡುವ ಹಾಗಿಲ್ಲ. ಬಯಕೆ ತೀರಿಸದಿದ್ದರೆ ಮಗುವಿಗೆ ಕೊರತೆ, ಹಾಲುಕ್ಕದಿದ್ದರೆ ಮನೆಗೆ ಕೊರತೆ. ಉಭಯಸಂಕಟದಲ್ಲಿ ಬೆವರು ಒರೆಸಿಕೊಂಡು ಕೊನೆಗೆ ಗುಡ್ಡದ ಮನೆಗೇ ಸಹಿ ಹಾಕಿದ.

ಹಾಕಿದನೇ ಹೊರತು ಮನಸ್ಸು ಹಾಕಲಿಲ್ಲ. ಮಾಲು ತಡವಾಗಿ ಬಂದರೆ ಉಕ್ಕದ ಹಾಲಿನ ಫಲ ಎನ್ನುತ್ತಿದ್ದ. ಕಾಲು ಉಳುಕಿದರೆ ಅದೂ ಹಾಲಿನ ಫಲವೇ. ಕೆಳಗಿನ ಹೆಂಗಸು ಮೆಟ್ಟಿಲಲ್ಲಿ ಎದುರಾದರೆ ಗೋಡೆ ನೋಡಿಕೊಂಡು ಇಳಿಯುತ್ತಿದ್ದ. ಆಕೆ ಹೇಳುವ ನಮಸ್ಕಾರಕ್ಕೆ ಒಂದು ದಿನವೂ ಮರುನಮಸ್ಕಾರ ಹೇಳಲಿಲ್ಲ. ಹೆಂಡತಿ ಮಾತ್ರ ದಿನಾ ಆಕೆಯೊಡನೆ ಮೆಟ್ಟಿಲ ಮೇಲೆ ಕುಳಿತು ಹುರುಳಿಕಾಯಿ ಮುರಿಯುತ್ತಾ ಆ ಊರಿನ ಮಾತು ಕಲಿತಳು.

ದಿನ ತುಂಬಲು ಇನ್ನೂ ಸಮಯವಿದೆ ಎಂದು ವ್ಯಾಪಾರಿ ಇಟಲಿಗೆ ಹೋದ. ಕೆಲಸ ಮುಗಿಸಿ, ಮಾರನೆಯ ಬೆಳಿಗ್ಗೆ ಮರಳುವ ರೈಲು ಹತ್ತಿ ಮನೆಗೆ ಫೋನು ಮಾಡಿದ. ಯಾರೂ ಎತ್ತಲಿಲ್ಲ. ಮತ್ತೆ ಮಾಡಿದ. ಎತ್ತಲಿಲ್ಲ. ರೈಲು ಬೆಟ್ಟ ಕೊರೆದ ಸುರಂಗಗಳಲ್ಲಿ ನುಗ್ಗಿ ನುಗ್ಗಿ ಹೊರಬರುತ್ತಿತ್ತು. ಇವನು ಪ್ರತಿ ಸುರಂಗ ದಾಟಿದ ಮೇಲೂ ಫೋನು ಮಾಡಿದ. ಕೆಳಗಿನ ಮನೆಯ ಹೆಂಗಸಿಗೆ ಮಾಡೋಣವೆಂದರೆ ನಂಬರು ಹೋಗಲಿ, ಆಕೆಯ ಹೆಸರೂ ಅವನಿಗೆ ಗೊತ್ತಿರಲಿಲ್ಲ. ಪೂರ್ವಕ್ಕೆ ಚೆಲ್ಲಿದ ಮನೆಯನ್ನು ಕೈಯಾರೆ ಬಿಟ್ಟೆನಲ್ಲ ಎಂದು ಹಣೆ ಹಣೆ ಚಚ್ಚಿಕೊಂಡ. ಪಕ್ಕದಲ್ಲಿ ಕುಳಿತವರು ನೋಡುತ್ತಿದ್ದಾರೆ ಎಂಬ ನಾಚಿಕೆಯೂ ಉಳಿಯಲಿಲ್ಲ.

ಊರು ಮುಟ್ಟಿದಾಗ ಮಧ್ಯಾಹ್ನ. ಗುಡ್ಡ ಹತ್ತಿದ, ಮೆಟ್ಟಿಲು ಹತ್ತಿದ. ಮನೆಯ ಬಾಗಿಲು ಹಾರು ಹೊಡೆದಿತ್ತು. ಒಳಗೆ ಯಾರೂ ಇಲ್ಲ. ನೆಲ ಒದ್ದೆ. ನಡುಮನೆಯಲ್ಲಿ ಲಟ್ಟಣಿಗೆ ಬಿದ್ದಿದೆ. ಮಂಚದ ಮೇಲೆ ಹೆಂಡತಿಯ ಫೋನು ತಾನೇ ಮಿನುಗುತ್ತಿದೆ. ವ್ಯಾಪಾರಿ ಕೆಳಗೆ ಓಡಿ ಆ ಹೆಂಗಸಿನ ಬಾಗಿಲು ಬಡಿದ. ಅವಳೂ ಇಲ್ಲ. ಎದುರು ಮನೆಯ ಮುದುಕನೊಬ್ಬ ಬಾಗಿಲು ತೆರೆದು, ಇವನ ಮುಖ ನೋಡಿ, ಟೊಪ್ಪಿಗೆ ಹಾಕಿಕೊಂಡು ಇವನ ತೋಳು ಹಿಡಿದು ಆಸ್ಪತ್ರೆಗೆ ನಡೆಸಿಕೊಂಡು ಹೋದ.

ಆಸ್ಪತ್ರೆಯ ಕೋಣೆಯಲ್ಲಿ ಹೆಂಡತಿ ಮಲಗಿದ್ದಳು. ಬಿಳಿಚಿದ್ದಳು, ಆದರೆ ನಗುತ್ತಿದ್ದಳು. ಪಕ್ಕದ ಕುರ್ಚಿಯಲ್ಲಿ ಕೆಳಗಿನ ಮನೆಯ ಹೆಂಗಸು ಮಗುವನ್ನು ಎದೆಗವಚಿಕೊಂಡು ಕುಳಿತಿದ್ದಳು. ಕಾಲಲ್ಲಿ ಮನೆಯೊಳಗೆ ಮೆಟ್ಟುವ ಚಪ್ಪಲಿ. ಬಂದ ಅವಸರದಲ್ಲಿ ಅದನ್ನೂ ಬದಲಿಸಿರಲಿಲ್ಲ. ಬೆಳಗಿನ ಜಾವ ನೀರೊಡೆದಾಗ ಬಸುರಿ ಎದ್ದು ನಿಲ್ಲಲಾರದೆ ಲಟ್ಟಣಿಗೆಯಿಂದ ನೆಲ ಕುಟ್ಟಿದ್ದಳು. ಕುಟ್ಟಿದ ಸದ್ದು ನಿಲ್ಲುವ ಮೊದಲೇ ಕೆಳಗಿನವಳು ಮೇಲಿದ್ದಳು. ಆಕೆ ಕೂಗಿದ ಕೂಗಿಗೆ ಮೆಟ್ಟಿಲ ಮನೆಗಳೆಲ್ಲ ಎದ್ದವು. ನಾಲ್ಕು ಜನ ಸೇರಿ ಬಸುರಿಯನ್ನು ಕಂಬಳಿಯಲ್ಲಿ ಕೂರಿಸಿ ಕೆಳಗಿಳಿಸಿದರು. ಇನ್ನು ಸ್ವಲ್ಪ ತಡವಾಗಿದ್ದರೂ ತಾಯಿಯೋ ಮಗುವೋ ಒಬ್ಬರು ದಕ್ಕುತ್ತಿರಲಿಲ್ಲ ಎಂದರು ವೈದ್ಯರು. ಈಗ ಇಬ್ಬರೂ ಸುಖವಾಗಿದ್ದರು.

ವ್ಯಾಪಾರಿಗೆ ಹೋದ ಜೀವ ಬಂದಂತಾಯಿತು. ನೆಲದ ಮೇಲೆಯೇ ಕುಳಿತ. ಅಷ್ಟು ದೊಡ್ಡ ವ್ಯಾಪಾರಿ, ಮಕ್ಕಳ ಹಾಗೆ ಅತ್ತ. ಕೆಳಗಿನ ಮನೆಯ ಹೆಂಗಸು ಅವನನ್ನು ನೋಡಿ ಏನೋ ಗದರಿದಳು. ಅಳುವಿನ ನಡುವೆ ಅವನಿಗೆ ಅರ್ಥವಾಗಲಿಲ್ಲ.

“ಏನಂತೆ?” ಎಂದು ಹೆಂಡತಿಯನ್ನು ಕೇಳಿದ.

“ಬರುವಾಗ ಮನೆಗೆ ಬೀಗ ಹಾಕಿದೆಯಾ ಅಂತ ಕೇಳ್ತಿದ್ದಾರೆ.”

ಹಾಕಿರಲಿಲ್ಲ. ಬೆಳಗಿನಿಂದ ಬಾಗಿಲು ತೆರೆದೇ ಇತ್ತು, ಇವನೂ ತೆರೆದಿಟ್ಟೇ ಓಡಿ ಬಂದಿದ್ದ. ಒಳಗೆ ಬೆಲೆಬಾಳುವ ರೇಷ್ಮೆಯ ಗಂಟುಗಳಿದ್ದವು. ವ್ಯಾಪಾರಿ ಅಳುತ್ತಿದ್ದವನು ನಕ್ಕುಬಿಟ್ಟ. ಎದ್ದು ಆಕೆಯ ಕಾಲು ಮುಟ್ಟಿದ. ಅಷ್ಟು ದಿನ ಬಾಕಿಯಿದ್ದ ನಮಸ್ಕಾರವನ್ನು ಒಟ್ಟಿಗೇ ಹೇಳಿದ. ಸಂಜೆ ಮನೆಗೆ ಹೋಗಿ ನೋಡಿದರೆ ಗಂಟುಗಳು ಇದ್ದ ಹಾಗೆಯೇ ಇದ್ದವು. ಯಾರೋ ನೆಲ ಒರೆಸಿ ಹೋಗಿದ್ದರು.

ಗುರುಗಳು ಕತೆ ನಿಲ್ಲಿಸಿ ಸೋಸಿದ ಸೊಪ್ಪನ್ನು ಬುಟ್ಟಿಗೆ ತುಂಬಿದರು. ಕರಿಬಸಯ್ಯ ನೀಳವಾಗಿ ಉಸಿರುಬಿಟ್ಟ. ಎಷ್ಟೋ ದಿನದಿಂದ ತಲೆಯ ಮೇಲಿದ್ದ ಹೊರೆ ಇಳಿದಂತಿತ್ತು.

“ಮನಸ್ಸು ಹಗುರಾಯಿತು ಬುದ್ಧಿ. ಥಂಡಿ, ಬಾಡಿಗೆ, ದೂರ, ಎಲ್ಲ ಬಿಟ್ಟೆ. ಅಕ್ಕಪಕ್ಕದವರ ಕಷ್ಟಕ್ಕೆ ಓಡಿ ಬರುವ ಜನ ಇರುವ ಕೇರಿಯೇ ನನಗೂ ಬೇಕು. ಆ ಗುಡ್ಡದ ಕೇರಿಯಲ್ಲೇ ಮನೆ ನೋಡಿ ಎಂದು ಇವತ್ತೇ ತಿಳಿಸಿಬಿಡುತ್ತೇನೆ.”

“ತಿಳಿಸು, ಒಳ್ಳೆಯದೇ,” ಎಂದು ಗುರುಗಳು ಬುಟ್ಟಿ ಎತ್ತಿಕೊಂಡು ಅಡುಗೆಮನೆಯ ಕಡೆ ಹೊರಟರು. ಬಾಗಿಲ ಬಳಿ ನಿಂತು ಕೇಳಿದರು:

“ನಿನ್ನ ಪಕ್ಕದ ಕೋಣೆಯವನು ಸೋಮವಾರದಿಂದ ಊಟದ ಪಂಕ್ತಿಗೆ ಬಂದಿಲ್ಲ, ಏನಾಗಿದೆ ಅವನಿಗೆ?”