ನುಣ್ಣನೆಯ ಹೊಲ

"ಗುರುತಾಯಿ, ನೆಲ ಬೆಂಗಾಡಾಗುವುದು ಮಳೆ ಮುನಿದರೆ ತಾನೇ?" ಎಂದು ಶಿಷ್ಯ ಓಬಯ್ಯ ಕೇಳಿದ.

ಗುರುತಾಯಿ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ಹತ್ತಿರ ಬಾ. ಇದನ್ನು ಇನ್ನೊಬ್ಬರ ಕಿವಿಗೆ ಹಾಕಿದೆಯೋ, ನಾಳೆಯಿಂದ ಈ ಮಠದಲ್ಲಿ ನಿನಗೆ ಅಂಬಲಿ ಇಲ್ಲ."

ಒಂದೂರಿನಲ್ಲಿ ಬಂಗಾರಕ್ಕ ಎಂಬ ಒಕ್ಕಲಗಿತ್ತಿ ಇದ್ದಳು. ಸಂತೆಯ ಜೋಳ ತನ್ನ ಹೊಸ್ತಿಲು ದಾಟಿಲ್ಲ ಎಂಬುದು ಅವಳ ಜಂಬ. ಅವಳು ತಲೆ ಎತ್ತಿ ನಡೆದರೆ ಎದುರಿಗೆ ಬಂದ ಎತ್ತೂ ದಾರಿ ಬಿಡಬೇಕು. ಕೊಯ್ಲು ಮುಗಿದ ಮೇಲೆ ಅವಳ ಹೊಲ ನೋಡಬೇಕಿತ್ತು! ಕೊಯ್ದುಳಿದ ದಂಟಿನ ಕೂಳೆಯನ್ನು ಬೇರುಸಹಿತ ಕೀಳಿಸಿ ಒಲೆಗೆ ಹಾಕುತ್ತಿದ್ದಳು. ಬದುವಿನ ತಂಗಡಿ ಗಿಡಗಳನ್ನು ಕಡಿಸುತ್ತಿದ್ದಳು. ಮಣ್ಣು ಹಿಟ್ಟಾಗುವವರೆಗೆ ಕುಂಟೆ ಹೊಡೆಸುತ್ತಿದ್ದಳು. ಕುರಿಯವರು ಬಂದು, "ಹೊಲದಲ್ಲಿ ಮಂದೆ ನಿಲ್ಲಿಸುತ್ತೇವೆ ಅವ್ವಾ, ಗೊಬ್ಬರವಾಗುತ್ತದೆ" ಎಂದರೆ, "ಹಿಕ್ಕೆಯ ಜೊತೆ ಜಾಲಿ ಬೀಜ ಬರುತ್ತದೆ, ನಡೆಯಿರಿ" ಎಂದು ಅಟ್ಟುತ್ತಿದ್ದಳು.

ಪಕ್ಕದ ಹೊಲ ತಿಪ್ಪಕ್ಕನದು. ಅಲ್ಲಿ ಕೂಳೆ ನಿಂತೇ ಇರುತ್ತಿತ್ತು, ಕುರಿ ಮಲಗಿರುತ್ತಿದ್ದವು, ಬದುವಿನ ತುಂಬ ಪೊದೆ. "ಏನೇ, ಹೊಲಕ್ಕೆ ಬಾಚಣಿಗೆ ತೋರಿಸಿ ಎಷ್ಟು ದಿನವಾಯಿತು?" ಎಂದು ಬಂಗಾರಕ್ಕ ನಾಲ್ಕು ಜನರ ಮುಂದೆ ಹಂಗಿಸುವಳು. ತಿಪ್ಪಕ್ಕ ನಕ್ಕು ತನ್ನ ಕೆಲಸಕ್ಕೆ ನಡೆಯುವಳು.

ಆಷಾಢದ ಗಾಳಿ ವರ್ಷ ವರ್ಷವೂ ಬೀಸಿತು. ಹಿಡಿದುಕೊಳ್ಳಲು ಬೇರಿಲ್ಲದ ಮಣ್ಣು ಎದ್ದು ಹೋಯಿತು. ಮಳೆ ಇಬ್ಬರಿಗೂ ಒಂದೇ ಸಮ ಬಂತು. ಬಂಗಾರಕ್ಕನ ಹೊಲದಲ್ಲಿ ಮಾತ್ರ ನಿಲ್ಲದೆ ಹರಿದು ಹೋಯಿತು. ಕೊನೆಗೊಂದು ವರ್ಷ ನೇಗಿಲಿಗೆ ಬರೀ ಗರಸು ಕಲ್ಲು ತಾಗಿತು, ಬಿತ್ತಿದ್ದು ಮೇಲೇಳಲಿಲ್ಲ. ಆ ಸುಗ್ಗಿಯಲ್ಲಿ ಅವಳ ಗಂಡ ಸಂತೆಯಿಂದ ಜೋಳ ತಂದ. ಗಾಡಿಯಲ್ಲಿ ಚೀಲ ಇಟ್ಟು ಮೇಲೆ ಮೇವು ಮುಚ್ಚಿದ್ದ. ಊರು ನೋಡದೆ ಬಿಡುತ್ತದೆಯೇ!

ಬಂಗಾರಕ್ಕನಿಗೆ ಮೈಯೆಲ್ಲ ಉರಿಯಿತು. ತಲೆ ಮಾತ್ರ ತಗ್ಗಲಿಲ್ಲ. ನೆಟ್ಟಗೆ ತಿಪ್ಪಕ್ಕನ ಬದುವಿಗೆ ಹೋದಳು. ಅಲ್ಲಿ ಪೊದೆಗಳ ಬುಡದಲ್ಲಿ ಮೊಣಕಾಲೆತ್ತರ ಮಣ್ಣು ಕೂಡಿತ್ತು. ಹಿಡಿಯಲ್ಲಿ ತೆಗೆದು ನೋಡಿದಳು. ತನ್ನದೇ ಮಣ್ಣು, ಹಿಟ್ಟಿನಂಥ ಮಣ್ಣು.

"ಬಾರೇ ಕಳ್ಳೀ! ನನ್ನ ಹೊಲವನ್ನೇ ಕದ್ದು ಇಲ್ಲಿ ಬಚ್ಚಿಟ್ಟಿದ್ದೀಯಾ?" ಎಂದು ಊರೇ ಸೇರುವಂತೆ ಕೂಗಿದಳು.

"ತಿಪ್ಪಕ್ಕ ಏನಂದಳು ತಾಯಿ?" ಎಂದ ಓಬಯ್ಯ.

ಗುರುತಾಯಿ ಹೇಳಿದಳು: "ಮುಖಕ್ಕೇ ಅಂದಳು, ‘ಇಷ್ಟು ವರ್ಷ ನಿನ್ನ ಹೊಲ ಗುಡಿಸಿ ನನ್ನ ಬಾಗಿಲಿಗೆ ಹಾಕಿದೆ, ಒಂದು ದಿನವಾದರೂ ಜಗಳಕ್ಕೆ ಬಂದೆನೇ ಅಕ್ಕಾ?’"